ಜೀಪಿನೊಳಗಣ ಕುದುರೆಗಳು

ವಾಚಕ ಮಹಾಶಯರೆ, ಕಳಸದ ನೈಋತ್ಯಕ್ಕೆ ಕುದುರೆಯ ಮುಖವೊಂದು ಅನಾದಿಯಿಂದಲೂ ನಿಂತಿರುವುದಷ್ಟೆ. ಅದರ ಮಿಕ್ಕ ಶರೀರವು ಎಲ್ಲಿ ಹೋಯಿತೆಂಬ ಸಂದೇಹವು ಈಗ ಪರಿಹಾರವಾಗಿದೆ. ಕಾಫಿಸೀಮೆಯ ಜೀಪುಗಳ ಮುಚ್ಚಳವನ್ನೆತ್ತಿ ನೋಡಿದರೆ ಅದು ಅಲ್ಲಿಯೇ ಇರುವುದು.

1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ ಜೋಡಿಸತೊಡಗಿದ ವಿಲ್ಲಿಸ್ ಜೀಪಿನಲ್ಲಿ ಸುಮಾರು 60 ಕುದುರೆಗಳಿದ್ದವು, ಕುಡಿಯುತ್ತಿದ್ದುದು ಪೆಟ್ರೋಲು. 2020ರಲ್ಲಿ ಹೊಸದಾಗಿ ಬಂದ ಥಾರ್ ಎಂಬ ಡೀಸಲ್ ಗಾಡಿಯಲ್ಲಿ 130. ಅಮೆರಿಕದವರ ಡೀಸಲ್ ಲಾರಿಮರಿಗಳಲ್ಲಿ 500 ಕುದುರೆಗಳಿದ್ದು, ಹದಿನೆಂಟು ಟನ್ ಭಾರವನ್ನು ಹಿಂದೆ ಕಟ್ಟಿಕೊಂಡು ಓಡುವುವಂತೆ. ಅಶ್ವಶಕ್ತಿಯ ಲೆಕ್ಕವನ್ನು ಹೂಡಿದವನು ಜೇಮ್ಸ್ ವಾಟ್: 33,000 ಪೌಂಡನ್ನು ನಿಮಿಷದಲ್ಲಿ ಒಂದಡಿ ಎತ್ತಿದರೆ ಒಂದು ಕುದುರೆ. ತನ್ನ ಉಗಿಯಂತ್ರಗಳನ್ನು ಮಾರುವುದಕ್ಕಾಗಿಯೇ ಆತನು ಇದನ್ನು ಹೂಡಿದನು. ಕುದುರೆಯನ್ನು ತೋರಿಸಿ ಯಂತ್ರವನ್ನು ಮಾರುವ ವಿದ್ಯೆಯು ಅಂದಿನಿಂದಲೂ ನಡೆದುಬಂದಿದೆ. ಹೈದರನ ಫಿರಂಗಿಗಳನ್ನು ಎಳೆದ ಅಮೃತಮಹಲ್ ಎತ್ತುಗಳ ಸಂತತಿಯನ್ನು ನಮ್ಮ ಜಿಲ್ಲೆಯ ಅಜ್ಜಂಪುರದಲ್ಲಿ ಇಂದಿಗೂ ಸಾಕುತ್ತಾರೆ. ಪಾಪ, ಅವು ಎಷ್ಟು ಕುದುರೆಗೆ ಸಮವೆಂದು ಯಾರೂ ಜಾಹೀರಾತು ಹಾಕಲಿಲ್ಲ.

ಮೂಡಿಗೆರೆಯ ಕಡೆಯ ನಮ್ಮ ಗೌಡರು ಕಳೆದ ಸಾಲಿನ ಕಾಫಿಯ ಹಣವನ್ನೆಲ್ಲ ಇಂತಹ ಕುದುರೆಗಳ ಮೇಲೆಯೇ ಸುರಿದರು. ಕೂಲಿ ಲೈನುಗಳ ಹೆಂಚು ಮುಂದಿನ ವರ್ಷಕ್ಕಾಯಿತು. ತೋಟದ ರಸ್ತೆಗೆ ಕಲ್ಲು ಹಾಸುವುದು ಅದರ ಮುಂದಿನ ವರ್ಷಕ್ಕೆ. ಗಾಡಿ ಬಂದ ದಿನವೇ ಪರಾಕ್ರಮಗಳು ಆರಂಭವಾದವು. ಮರದ ದಿಮ್ಮಿಯನ್ನು ಕಟ್ಟಿ ಎಳೆದರೆ ದಿಮ್ಮಿಯ ಜತೆಗೆ ಕಾಡೂ ಬಂದಿತಂತೆ. ಹೂತ ಲಾರಿಯೊಂದನ್ನು ಎಳೆಯುವಾಗ ಸರಪಣಿಯು ಮೇರುತಿ ಗುಡ್ಡಕ್ಕೆ ತೊಡರಿ, ಗುಡ್ಡವೇ ಎರಡು ಮಾರು ಮೂಡಲಿಗೆ ಸರಿಯಿತಂತೆ! ಖಾತೆ ಬದಲಾವಣೆಯ ಅರ್ಜಿಯು ತಾಲ್ಲೂಕು ಕಚೇರಿಯಲ್ಲಿದೆಯೆಂದು ಗೌಡರೇ ಹೇಳಿದರು.

"ಗುಡ್ಡ ಎಳೆಯೋದು ಹಾಗಿರಲಿ, ಮೊದಲು ಆ ಚರಂಡಿ ತೋಡಿಸಿ ಅಂದ್ರೆ," ಎಂದು ಒಳಗಿನಿಂದ ಅಮ್ಮನವರ ಧ್ವನಿ.

ಆಷಾಢದ ಒಂದು ರಾತ್ರಿ ಲೈನಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯ ನೋವು ಕಾಣಿಸಿತು. ಮಳೆಯೋ, ಮಲೆನಾಡಿನ ಮಳೆ. ಗೌಡರು ತಡಮಾಡದೆ ತಾವೇ ಹೊರಟರೆಂಬುದನ್ನು ಹೇಳಲೇಬೇಕು. ಏರಿನಲ್ಲಿ ಗಾಡಿ ನಿಂತಿತು. ಗೌಡರು ಯಂತ್ರಕ್ಕೆ ಬಲ ಕೊಟ್ಟಷ್ಟೂ ಚಕ್ರಗಳು ಗಿರಿಗಿರಿ ತಿರುಗಿ ಹಳ್ಳವನ್ನು ತೋಡಿದುವು. ಕೆಸರಿನಲ್ಲಿ ಚಕ್ರಕ್ಕೆ ಹಿಡಿತವಿಲ್ಲದಿದ್ದರೆ 130 ಕುದುರೆಗಳೂ ಬಾವಿ ತೋಡುವ ಆಳುಗಳೇ ಸರಿ. ಒಳಗೆ ಆಕೆಯ ನರಳಾಟ. ಆಕೆಯ ಅತ್ತೆ ಮಂಜುನಾಥನಿಗೆ ಮುಡಿಪು ಕಟ್ಟುತ್ತಿದ್ದಳು.

"ಅಯ್ಯಾ, ಸ್ವಲ್ಪ ಸುಮ್ನಿರಿ," ಎಂದನು ಮುದುಕ ಮೇಸ್ತ್ರಿ. ಆತನು ಟೈರುಗಳ ಗಾಳಿಯನ್ನು ಇಳಿಸಿದನು. ಚಕ್ರದಡಿಗೆ ಕಲ್ಲು, ಅಡಕೆದಬ್ಬೆ, ಗೋಣಿಚೀಲಗಳನ್ನು ಕೊಡಿಸಿದನು. ನಿಧಾನದ ಗೇರಿನಲ್ಲಿ ಅವಸರಪಡದೆ ಬಿಡಿರೆಂದನು. ಹಿಂದಿನಿಂದ ಆರು ಮಂದಿ ಹೆಗಲು ಕೊಟ್ಟರು. ಗಾಡಿಯು ಬಸವನಹುಳುವಿನಂತೆ ಏರಿತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಗಂಡು ಕೂಸು ಹುಟ್ಟಿತು. ತಾಯಿ ಮಗು ಕ್ಷೇಮ.

ಮಳೆ ಬಿಟ್ಟ ಮೇಲೆ ತೋಟದ ರಸ್ತೆಗೆ ಕಲ್ಲು ಬಿದ್ದಿದೆ, ಚರಂಡಿಯೂ ಆಗಿದೆ. ಲೈನಿನ ಹೆಂಚಿಗಾಗಿ ಅಮ್ಮನವರು ಇನ್ನೂ ಮಾತುಕತೆ ನಡೆಸುತ್ತಿದ್ದಾರೆ. ಗೌಡರು ಮಾತ್ರ ಮೊನ್ನೆ ನಮ್ಮನ್ನು ಪಕ್ಕಕ್ಕೆ ಕರೆದು, ರಸ್ತೆಯ ಮೇಲೆ ಉರುಳುವ ರೋಲರಿನಲ್ಲಿ ಎಷ್ಟು ಕುದುರೆಗಳಿರುವುವೆಂದು ವಿಚಾರಿಸಿದರು.