ಕೆಟ್ಟದ್ದು ವಿಳಾಸ, ಮನೆಯಲ್ಲ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ 'ಎ' ಬ್ಲಾಕು, 'ಬಿ' ಬ್ಲಾಕು ಎಂಬ ವಿಭಾಗಗಳುಂಟು. ಲಕೋಟೆಯ ಮೇಲಿನ ಆ ಒಂದಕ್ಷರ ಮಳೆಯಲ್ಲಿ ನೆನೆದು ಅಳಿಸಿಹೋದರೆ ಅಂಚೆಯವನು ಬೀದಿಬೀದಿ ಅಲೆಯಬೇಕಾಗುತ್ತದೆ. ಹಾಗೆಂದು ಆ ಮನೆಯೇ ಇಲ್ಲವಾಯಿತೆಂದು ಯಾರೂ ಹೇಳುವುದಿಲ್ಲ. ಗಣಕಯಂತ್ರದ ಅಂಚೆಯ ವಿಷಯದಲ್ಲಿ ಮಾತ್ರ ಸುಶಿಕ್ಷಿತರಾದ ಗೃಹಸ್ಥರೂ ಈ ವಿವೇಕವನ್ನು ಮರೆಯುವುದುಂಟು.

ಆ ಬಡಾವಣೆಯಲ್ಲಿ ನಿವೃತ್ತ ದಂಪತಿಗಳ ಮನೆಯೊಂದನ್ನು ವಾಚಕರು ಊಹಿಸಿಕೊಳ್ಳಲಿ. ಮಗಳಿರುವುದು ಸಮುದ್ರದಾಚೆ. ಹತ್ತು ವರ್ಷಗಳಿಂದ ಅವಳು ಬರೆದ ಓಲೆಗಳೆಲ್ಲ, ಮೊಮ್ಮಗುವಿನ ಭಾವಚಿತ್ರಗಳ ಸಮೇತ, ಮೇಜಿನ ಮೇಲಿನ ಗಣಕದಲ್ಲಿವೆ. ಒಂದು ಸಂಜೆ ವಿದ್ಯುತ್ತು ಹಠಾತ್ತನೆ ಹೋಗಿ ಬರುತ್ತದೆ. ಆಮೇಲೆ ಥಂಡರ್‌ಬರ್ಡ್ ತೆರೆದರೆ ಒಂದು ಪತ್ರವೂ ಇಲ್ಲ. ಹೊಸಬರನ್ನು ವಿಚಾರಿಸುವಂತೆ ಹೆಸರೇನು, ವಿಳಾಸವೇನು ಎಂದು ಕೇಳುತ್ತಿದೆ! ನೆರೆಮನೆಯ ಯುವಕ ಬಂದು ನೋಡಿ, "ಫಾರ್ಮ್ಯಾಟ್ ಮಾಡಿಬಿಡಾಣ ಸಾರ್, ಎಲ್ಲ ಸರಿ ಹೋಗ್ತೈತಿ" ಎನ್ನುತ್ತಾನೆ. ಅವನ ಸದುದ್ದೇಶವನ್ನು ಶಂಕಿಸಬೇಕಾದುದಿಲ್ಲ. ಕೈಯನ್ನು ಮಾತ್ರ ತಡೆಯಬೇಕು.

2004ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಈ ತಂತ್ರಾಂಶವು 'ಪ್ರೊಫೈಲ್' ಎಂಬ ಕೋಶವೊಂದನ್ನು ಇಟ್ಟುಕೊಂಡಿರುತ್ತದೆ. ಪತ್ರಗಳು ಅದರೊಳಗೆ 'ಮೇಲ್' ಎಂಬ ಕೋಣೆಯಲ್ಲಿ, 'ಇನ್‌ಬಾಕ್ಸ್' ಮೊದಲಾದ ಕಡತಗಳಲ್ಲಿವೆ. ಯಾರ ಖಾತೆ, ಯಾವ ಸರ್ವರು, ಪತ್ರಗಳನ್ನಿಟ್ಟಿರುವುದೆಲ್ಲಿ ಎಂಬ ವಿವರವೆಲ್ಲ 'ಪ್ರೆಫ್ಸ್.ಜೆಎಸ್' ಎಂಬ ಬೇರೊಂದು ಪುಟ್ಟ ಕಡತದಲ್ಲಿ. ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಈ ಪುಟ್ಟ ಕಡತ ಕೆಡುವ ಸಂಭವವುಂಟು. ಆಗ ತಂತ್ರಾಂಶಕ್ಕೆ ದಾರಿ ತಪ್ಪುತ್ತದೆ. ಓಲೆಗಳು ಇದ್ದಲ್ಲಿಯೇ ಇರುತ್ತವೆ.

ಆದುದರಿಂದ ಮೊದಲು ಥಂಡರ್‌ಬರ್ಡನ್ನು ಮುಚ್ಚಬೇಕು. ತೆರೆದಿದ್ದರೆ ಮುಚ್ಚುವಾಗ ಅದು ತನ್ನ ಕಡತವನ್ನು ತಾನೇ ಮತ್ತೆ ಬರೆದು, ನಾವು ಮಾಡಿದ ತಿದ್ದುಪಡಿಯನ್ನು ಅಳಿಸಿಬಿಡುತ್ತದೆ. ಬಳಿಕ ಇಡೀ ಪ್ರೊಫೈಲ್ ಕೋಶವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಬೇಕು. ಈ ಹೆಜ್ಜೆಯನ್ನು ಬಿಡುವವರೇ ಹೆಚ್ಚು, ಮರುಗುವವರೂ ಅವರೇ. ಅನಂತರ ಪ್ರೆಫ್ಸ್.ಜೆಎಸ್ ಕಡತವನ್ನು ಅಳಿಸದೆ, ಹೆಸರನ್ನಷ್ಟೇ ಬದಲಿಸಬೇಕು. ತಂತ್ರಾಂಶವನ್ನು ತೆರೆದು ಖಾತೆಯ ವಿವರ ಕೊಟ್ಟಮೇಲೆ, 'ಸರ್ವರ್ ಸೆಟಿಂಗ್ಸ್' ಪುಟದ 'ಲೋಕಲ್ ಡೈರೆಕ್ಟರಿ' ಎಂಬಲ್ಲಿ ಹಳೆಯ ಪತ್ರಗಳ ಕೋಣೆಯನ್ನು ತೋರಿಸಿದರಾಯಿತು. ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವುದು ವ್ಯರ್ಥಶ್ರಮ. ಕೆಟ್ಟ ಪ್ರೊಫೈಲು ಹಾಗೆಯೇ ಉಳಿದಿರುತ್ತದೆ.

ಫಾರ್ಮ್ಯಾಟಿನ ಅಪಾಯ ಎಲ್ಲರಿಗೂ ಸಮಾನವಲ್ಲ. 'ಐಮ್ಯಾಪ್' ಪದ್ಧತಿಯಲ್ಲಿ ಪತ್ರದ ಮೂಲ ಸರ್ವರಿನಲ್ಲಿಯೇ ಇರುವುದರಿಂದ ಮತ್ತೆ ಇಳಿಸಿಕೊಳ್ಳಬಹುದು. ಹಳೆಯ 'ಪಾಪ್' ಪದ್ಧತಿಯಲ್ಲಾದರೋ ಪತ್ರ ಮನೆಗೆ ಬಂದೊಡನೆ ಅಲ್ಲಿನ ಪ್ರತಿ ಅಳಿದಿರಬಹುದು. ಅಂಥ ಮನೆಯಲ್ಲಿ ಫಾರ್ಮ್ಯಾಟ್ ಮಾಡುವುದೆಂದರೆ ಆ ತಾಯಿತಂದೆಗಳು ಮಗಳ ಹತ್ತು ವರ್ಷದ ಓಲೆಗಳನ್ನು ಒಲೆಗೆ ಹಾಕಿದಂತೆಯೇ ಸರಿ.

ಹಳೆಯ ಮಾದರಿಯ ಔಟ್‌ಲುಕ್ ಬಳಸುವವರಿಗೂ ಇದರ ಸೋದರವ್ಯಾಧಿಯೊಂದುಂಟು. ಕಿಟಕಿಯನ್ನು ತೆರೆಯಲಾಗುತ್ತಿಲ್ಲವೆಂದು ಹೇಳಿ ಅದು ಹಟ ಹಿಡಿಯುತ್ತದೆ. ಎಡಬದಿಯ ಪಟ್ಟಿಯ ವ್ಯವಸ್ಥೆಯನ್ನು ಬರೆದಿಡುವ 'ಎಕ್ಸ್‌ಎಂಎಲ್' ಕಡತದ ಗಾತ್ರ ಸೊನ್ನೆಯೆಂದು ಕಂಡರೆ ಕಾರಣ ಅದೇ. ವಿಂಡೋಸ್ ಕೀಲಿಯೊಡನೆ 'ಆರ್' ಒತ್ತಿ, 'ಔಟ್‌ಲುಕ್.ಎಕ್ಸ್‌ಇ' ಎಂದು ಬರೆದು, ಸ್ಥಳ ಬಿಟ್ಟು, ಓರೆಗೆರೆಯೊಡನೆ 'ರೀಸೆಟ್‌ನ್ಯಾವ್‌ಪೇನ್' ಎಂದು ಆಂಗ್ಲಾಕ್ಷರಗಳಲ್ಲಿ ಒಂದೇ ಪದವಾಗಿ ಸೇರಿಸಿದರೆ ಆ ಪಟ್ಟಿ ಹೊಸದಾಗಿ ರಚಿತವಾಗುತ್ತದೆ. ಅಚ್ಚುಮೆಚ್ಚಿನವೆಂದು ಪಟ್ಟಿಯ ತಲೆಯಲ್ಲಿ ಇಟ್ಟುಕೊಂಡ ಕೋಶಗಳ ಗುರುತುಗಳನ್ನು ಪುನಃ ಜೋಡಿಸಿಕೊಳ್ಳಬೇಕಾದೀತು. ಪತ್ರಗಳಿರುವ 'ಪಿಎಸ್‌ಟಿ' ಕಡತವನ್ನು ಈ ಆಜ್ಞೆ ಮುಟ್ಟುವುದಿಲ್ಲ.