ಅಂಕ ಸಮ ಆದ್ರೆ ಮುಂದೆ ಯಾರು?

2024ರ ಮೇ 18. ಉಪ್ಪುಂದದಲ್ಲಿ ಫ್ರೆಂಡ್ ಮನೆ ಟಿವಿ ಎದುರು ನಾವು ಏಳು ಜನ. ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 218 ಹೊಡೆದಿತ್ತು. ಆದ್ರೆ ನಾವು ಲೆಕ್ಕ ಹಾಕ್ತಾ ಇದ್ದದ್ದು 219 ಅಲ್ಲ, 201. ಚೆನ್ನೈ ಅಷ್ಟು ಮುಟ್ಟಿದ್ರೆ ಸೋತರೂ ಪ್ಲೇಆಫ್‌ಗೆ ಅವರೇ. ಕೊನೆ ಓವರ್‌ನಲ್ಲಿ ಅದಕ್ಕೆ 17 ಬೇಕಿತ್ತು. ಮೊದಲ ಬಾಲ್ ಧೋನಿ ಸಿಕ್ಸ್, ಎರಡನೇ ಬಾಲ್ ಔಟ್. 191ಕ್ಕೆ ನಿಂತಿತು. ಇಬ್ಬರಿಗೂ 14 ಅಂಕ; ನೆಟ್ ರನ್‌ರೇಟ್ ನಮ್ಮದು 0.459, ಅವರದ್ದು 0.392. ಆ ರಾತ್ರಿ ನಮಗೆ ರನ್‌ರೇಟೇ ದೇವರು.

ಈ ವರ್ಷ ಇಂಟರ್‌-ಬ್ರಾಂಚ್ ಬಾಸ್ಕೆಟ್‌ಬಾಲ್‌ನಲ್ಲಿ ಅದೇ ದೇವರು ಬೆನ್ನು ಹಾಕಿದ. ಗುಂಪಿನಲ್ಲಿ ನಾವೂ ಮೆಕ್ಯಾನಿಕಲ್‌ನವರೂ ಮೂರರಲ್ಲಿ ಎರಡು ಗೆದ್ದಿದ್ವಿ. ಅವರನ್ನು ನಾವೇ ಸೋಲಿಸಿದ್ವಿ, ಮೂರು ಪಾಯಿಂಟ್‌ನಿಂದ. ಆದ್ರೆ ಅವರು ಫಸ್ಟ್ ಇಯರ್ ಟೀಮನ್ನು 40 ಪಾಯಿಂಟ್‌ನಿಂದ ಬಡಿದಿದ್ರು. ಒಟ್ಟು ಪಾಯಿಂಟ್ ವ್ಯತ್ಯಾಸ ನೋಡಿ ಅವರು ಮೊದಲು, ನಾವು ಎರಡು. ಈ ನಿಯಮ ಹೇಳಿದ್ದೂ ಪಂದ್ಯ ಎಲ್ಲ ಮುಗಿದ ಮೇಲೆ! ಎಂತ ಕಥೆ ಮಾರಾಯ್ರೆ. ಸೆಮಿಫೈನಲ್‌ನಲ್ಲಿ ನಮಗೆ ಸಿಕ್ಕಿದ್ದು ಇನ್ನೊಂದು ಗುಂಪಿನ ಮೊದಲಿಗರು. ಮುಂದಿನದ್ದು ಕೇಳಬೇಡಿ.

ಎರಡನೇ ಸ್ಥಾನ, ಮೂರನೇ ಸ್ಥಾನ ಅಂದ್ರೆ ಬರೀ ನಂಬರ್ ಅಲ್ಲ. ಅದೇ 2024ರಲ್ಲಿ ಹೈದರಾಬಾದ್, ರಾಜಸ್ಥಾನ ಎರಡಕ್ಕೂ 17 ಅಂಕ. ರನ್‌ರೇಟ್‌ನಲ್ಲಿ ಎರಡನೆಯದಾದ ಹೈದರಾಬಾದ್ ಮೊದಲ ಕ್ವಾಲಿಫೈಯರ್ ಸೋತರೂ ಇನ್ನೊಂದು ಚಾನ್ಸ್ ಸಿಕ್ಕಿ ಫೈನಲ್ ಆಡಿತು. ಮೂರನೆಯದಾದ ರಾಜಸ್ಥಾನಕ್ಕೆ ಸೋತರೆ ಮನೆಗೆ ಅನ್ನೋ ಎಲಿಮಿನೇಟರ್. (ಅದರಲ್ಲಿ ಅವರು ನಮ್ಮನ್ನೇ ಮನೆಗೆ ಕಳಿಸಿದ್ರು, ಇರಲಿ.)

ಬಾಸ್ಕೆಟ್‌ಬಾಲ್‌ಗೆ ಫಿಬಾ ನಿಯಮ ಇದೆ. ಅಂಕ ಸಮವಾದ್ರೆ ಮೊದಲು ನೋಡೋದು ಆ ತಂಡಗಳು ತಮ್ಮೊಳಗೆ ಆಡಿದ ಪಂದ್ಯ. ಮೂರು ತಂಡ ಒಂದನ್ನೊಂದು ಸೋಲಿಸಿ ಸುತ್ತು ಹಾಕಿಕೊಂಡ್ರೆ ಮಾತ್ರ ಪಾಯಿಂಟ್ ವ್ಯತ್ಯಾಸ ಬೇಕಾಗ್ತದೆ, ಅದೂ ಆ ಮೂವರ ನಡುವಿನದ್ದು ಮೊದಲು. ಐಪಿಎಲ್ ದಾರಿ ಬೇರೆ, ಒಪ್ಪಿದೆವು. ಆದ್ರೆ ಅಲ್ಲಿ ಮೊದಲ ಬಾಲ್‌ಗಿಂತ ಮುಂಚೆಯೇ ಎಲ್ಲರಿಗೂ ಗೊತ್ತಿರ್ತದೆ. ಹಾಗಾಗಿಯೇ ನಾವು 201 ಎಣಿಸೋಕೆ ಆಯ್ತು.

ಅದೇ ಫಸ್ಟ್ ಇಯರ್ ಟೀಮನ್ನು ನಾವು ಗೆದ್ದದ್ದು ಬರೀ 12 ಪಾಯಿಂಟ್‌ನಿಂದ. ಯಾಕಂದ್ರೆ ಸೆಕೆಂಡ್ ಹಾಫ್‌ನಲ್ಲಿ ಬೆಂಚ್ ಕಾಯ್ತಿದ್ದ ನಾಲ್ವರನ್ನು ಇಳಿಸಿದ್ವಿ. ಅವರಲ್ಲಿ ಇಬ್ಬರಿಗೆ ಅದೇ ಮೊದಲ ಮ್ಯಾಚ್. ಇದೇ ನಿಯಮ ಉಳಿದ್ರೆ ಮುಂದಿನ ವರ್ಷ ಅವರನ್ನು ನಾವು ಇಳಿಸೋದಿಲ್ಲ.