ಸೀಟಿನ ಜೊತೆ ಸಾಧನವೂ ಬೇಕು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸರಕಾರಿ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಂತೆ ಇಂತಹ ಸಂಸ್ಥೆಗಳಲ್ಲಿ ಶೇ. 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರಿಗೆ ಶೇ. 5 ಸೀಟು ಮೀಸಲು. ಆದರೆ ಅದೇ ಕಾಯ್ದೆ ಉಚಿತ ಪುಸ್ತಕ, ಸಾಧನ ಸಲಕರಣೆಗಳ ಭರವಸೆ ಕೊಡುವುದು 18 ವರ್ಷದವರೆಗೆ ಮಾತ್ರ. ಪದವಿಯ ಮೆಟ್ಟಿಲು ಹತ್ತುವ ಹೊತ್ತಿಗೆ ಆ ಭರವಸೆ ಮುಗಿದು, ಸರಕಾರಿ ಯೋಜನೆಗಳಿಗೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ.

ಯಾರಿಗೆ ಏನು ಕೊಡಬೇಕೆಂದು ನಿರ್ಧರಿಸಲು ಪ್ರಮಾಣಪತ್ರದ ಶೇಕಡಾವಾರು ಒಂದೇ ಸಾಲದು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗೆ ತ್ರಿಚಕ್ರ ಸೈಕಲ್ ಕೊಟ್ಟರೆ ಅದು ಮನೆಯಲ್ಲೇ ಉಳಿಯುತ್ತದೆ. ದೃಷ್ಟಿಯಿಲ್ಲದ ವಿದ್ಯಾರ್ಥಿನಿಗೆ ಲ್ಯಾಪ್‌ಟಾಪ್ ಕೊಟ್ಟರಷ್ಟೇ ಆಗದು. ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಆದರೆ ಅದನ್ನು ಬಳಸಲು ಕಲಿಸುವವರು ಬೇಕು, ಕನ್ನಡ ಪಾಠಗಳು ಯುನಿಕೋಡ್‌ನಲ್ಲಿರಬೇಕು.

2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸೌಲಭ್ಯವು ಆಯಾ ವ್ಯಕ್ತಿಯ ಅಗತ್ಯಕ್ಕೆ ತಕ್ಕಂತಿರಬೇಕು ಎಂದಿತು. ಹಾಗಾಗಿ ಅರ್ಜಿ ತುಂಬಲು ನೆರವಾಗುವ ನಾವು ಮೊದಲು ವಿದ್ಯಾರ್ಥಿಯನ್ನೇ ಕೇಳೋಣ: ಹೇಗೆ ಓದುತ್ತೀಯ, ಹೇಗೆ ಬರೆಯುತ್ತೀಯ, ಕಾಲೇಜಿಗೆ ಹೇಗೆ ಬರುತ್ತೀಯ? ಆ ಉತ್ತರ ಸಿಕ್ಕ ಮೇಲೆಯೇ ಸಾಧನದ ಹೆಸರು ಬರೆಯೋಣ.